ಬಸ್ ನಿಲ್ದಾಣದ ಎಡಗಡೆ ಒಲೆ

ಇನ್ನೂ ಬೆಳಕು ಹರಿದಿಲ್ಲ. ಗುಡಿಗಳಿರುವ ಎಮೇಯ್ ಬೆಟ್ಟಕ್ಕೆ ಹೋಗುವ ಮೊದಲ ಬಸ್ಸಿನ ಚಾಲಕ ಗಾಜಿನ ಮೇಲಿನ ಮಂಜು ಒರೆಸುತ್ತಿದ್ದಾನೆ. ಶ್ವಾಂಗ್‌ಷಿ ಬಸ್ ನಿಲ್ದಾಣದ ಮೂಲೆಯ ನೂಡಲ್ಸ್ ಅಂಗಡಿಯಲ್ಲಿ ಪು ಸುಚೋಂಗ್ ಎಡಗಡೆ ಒಲೆ ಹಚ್ಚುತ್ತಾರೆ. ಸೋಯಾ ಮೊಳಕೆ, ಅಣಬೆ ಹಾಕಿದ ನೀರು ಮೆಲ್ಲಗೆ ಕುದಿಯತೊಡಗುತ್ತದೆ. ಬಲಗಡೆ ಒಲೆ ಅವರ ಗಂಡ ಡೆಂಗ್ ಅವರದು. ಅಲ್ಲಿರುವುದು ಹಂದಿ ಮೂಳೆಯ ಸಾರು. ಎರಡರ ನಡುವೆ ಒಂದು ಮೊಳ ಅಗಲದ ಖಾಲಿ ಕಟ್ಟೆ. ಅದನ್ನು ದಾಟಿ ಯಾವ ಸೌಟೂ ಈಚೆಗೆ ಬರುವಂತಿಲ್ಲ, ಗಂಡನಂತೂ ಬರುವಂತೆಯೇ ಇಲ್ಲ.

"ಮದುವೆ ಆಗಿ ಮೂವತ್ತು ವರ್ಷ ಆಯ್ತು. ಮನೇಲಿ ಎಲ್ಲಿ ಬೇಕಾದ್ರೂ ಓಡಾಡ್ಬಹುದು, ಈ ಒಲೆ ಹತ್ರ ಮಾತ್ರ ಸುಳೀಬಾರ್ದು" ಎಂದು ಡೆಂಗ್ ನನ್ನ ಹತ್ತಿರ ದೂರು ಹೇಳುತ್ತಾರೆ.

ನಿಲ್ದಾಣದವರಿಗೆಲ್ಲ ಪು ಅಕ್ಕ ಆಗಿರುವ ಆಕೆ ತಲೆ ಎತ್ತುವುದೂ ಇಲ್ಲ. "ಮೊದ್ಲು ಕೈ ತೊಳ್ಕೊಂಡು ಬಾ, ಆಮೇಲೆ ದೂರು ಹೇಳು."

ನಮ್ಮ ಸಿಚುವಾನ್ ಪ್ರಾಂತ್ಯದಲ್ಲಿ ಮಾಂಸ ಮುಟ್ಟದೆ ಊರೂರು ತಿರುಗುವುದು ಎಷ್ಟು ಕಷ್ಟವೆಂದು ಹಾಗೆ ತಿರುಗಿ ಹಸಿದವರನ್ನೇ ಕೇಳಬೇಕು. ಮಾಂಸ ಬೇಡ ಎಂದರೆ ಅಂಗಡಿಯವರು ತುಂಬು ಮನಸ್ಸಿನಿಂದ ಕೊಚ್ಚಿದ ಮಾಂಸ ಉದುರಿಸಿ ಕೊಡುತ್ತಾರೆ, ತುಂಡು ಹಾಕಿಲ್ಲವಲ್ಲ ಎಂದು. ಅದೂ ಬೇಡ ಎಂದರೆ ಬಿಡುತ್ತಾರೆ. ಆದರೆ ಅಷ್ಟರಲ್ಲಿ ಬೋಗುಣಿಯ ತಳಕ್ಕೆ ಒಂದು ಚಮಚ ಹಂದಿ ಕೊಬ್ಬು ಬಿದ್ದಾಗಿರುತ್ತದೆ. ಸೋಯಾ ರಸ, ಖಾರದೆಣ್ಣೆ, ನಾಲಗೆ ಜುಮ್ಮೆನ್ನಿಸುವ ಮೆಣಸಿನ ಪುಡಿ, ನಾಲ್ಕನೆಯದಾಗಿ ಕೊಬ್ಬು: ಕೈ ಈ ಸಾಲಿನಲ್ಲಿ ತಾನಾಗಿಯೇ ಓಡುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಕೊಬ್ಬಿಲ್ಲದ ಬೋಗುಣಿ ಕೊಟ್ಟರೆ ಗಿರಾಕಿಗೆ ಅನ್ಯಾಯ ಮಾಡಿದ ಹಾಗೆ ಎಂದು ನಂಬಿದ ಜನ ನಾವು. ನಾನೂ ಅದೇ ಪೈಕಿ, ನನ್ನ ಬೋಗುಣಿ ಯಾವಾಗಲೂ ಡೆಂಗ್ ಅವರ ಕಡೆಯಿಂದಲೇ ಬರುತ್ತದೆ.

ಪು ಅಕ್ಕನ ಕಡೆ ಕೂರುವವರೇ ಬೇರೆ. ಬೆಟ್ಟಕ್ಕೆ ಹೊರಟ ಸನ್ಯಾಸಿನಿಯರು, ಹರಕೆ ಹೊತ್ತವರು, ವೈದ್ಯರು ಗದರಿಸಿ ಕಳಿಸಿದ ಲಾರಿ ಚಾಲಕರು. ಮಾಮೂಲಿ ದಿನಗಳಲ್ಲಿ ಮೂವತ್ತು ಬೋಗುಣಿ ಹೋದರೆ ಹೆಚ್ಚು. ಹುಣ್ಣಿಮೆಯಂದು, ಅಮಾವಾಸ್ಯೆಯಂದು ಊರಿನ ಅಜ್ಜ ಅಜ್ಜಿಯರೆಲ್ಲ ಮಾಂಸ ಬಿಡುತ್ತಾರಾದ್ದರಿಂದ ನೂರು ದಾಟುತ್ತದೆ. ಹೋದ ಬೇಸಿಗೆಯಲ್ಲಿ ಬೆನ್ನಿಗೆ ಚೀಲ ಹೊತ್ತ ಪರದೇಶದ ಹುಡುಗಿಯೊಬ್ಬಳು ಬಂದಿದ್ದಳು. ಬಾಳೆಹಣ್ಣು, ಬಿಸ್ಕತ್ತಿನಲ್ಲೇ ದಿನ ತಳ್ಳಿಕೊಂಡು ಬಂದವಳು ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಪು ಅಕ್ಕ ಆಕೆಯನ್ನು ಒಲೆಯ ಹತ್ತಿರ ಕರೆದು ಒಂದೊಂದೇ ಜಾಡಿಯ ಮುಚ್ಚಳ ತೆಗೆದು ಮೂಗಿನ ಮುಂದೆ ಹಿಡಿದರಂತೆ.

"ಖಾರಕ್ಕೆ ಕಣ್ಣು ಮೂಗು ಎಲ್ಲ ಸುರೀತಿತ್ತು. ಆದ್ರೂ ಪುಣ್ಯಾತ್ಗಿತ್ತಿ ಮೂರು ಬೋಗುಣಿ ಖಾಲಿ ಮಾಡಿದ್ಲು" ಎಂದು ಪು ಅಕ್ಕ ಈಗಲೂ ಖುಷಿಪಡುತ್ತಾರೆ.

ಈ ಎಡಗಡೆ ಒಲೆ ಹುಟ್ಟಿದ್ದು ಅವರ ತಾಯಿಯಿಂದ. ಪು ಅಕ್ಕ ಚಿಕ್ಕವರಿದ್ದಾಗ ಜ್ವರ ಬಂದು ಉಳಿಯುವುದೇ ಅನುಮಾನ ಎಂಬಂತಾಗಿತ್ತು. ತಾಯಿ ಕ್ವಾನ್‌ಯಿನ್ ದೇವಿಗೆ ಹರಕೆ ಹೊತ್ತು ಮಾಂಸ ಬಿಟ್ಟರು. ಮಗಳು ಎದ್ದು ಕೂತಳು. ಹರಕೆ ತೀರಿಸಲು ಬೆಟ್ಟಕ್ಕೆ ಹೊರಟ ತಾಯಿಗೆ ದಾರಿಯಲ್ಲಿ ಯಾವ ಅಂಗಡಿಯ ಮೇಲೂ ನಂಬಿಕೆ ಇಲ್ಲ. "ಅಮ್ಮ ಬೇಯಿಸಿದ ಗೆಣಸು ಕಟ್ಕೊಂಡು ಹೋಗಿದ್ಲು. ಅದು ತಣ್ಣಗೆ ಕಲ್ಲಾಗಿತ್ತು. ಇದೇ ನಿಲ್ದಾಣದಲ್ಲಿ ಎಲ್ಲರೂ ಬಿಸಿ ಬಿಸಿ ಹೀರ್ತಿದ್ರೆ ಅಮ್ಮ ಗೋಡೆ ಕಡೆ ತಿರುಗಿ ಗೆಣಸು ತಿಂದ್ಲು. ನಾನು ಪಕ್ಕದಲ್ಲೇ ಇದ್ದೆ." ಇದನ್ನು ಹೇಳುವಾಗ ಪು ಅಕ್ಕನ ಕೈ ಸುಮ್ಮನಾಗುತ್ತದೆ.

ಈ ಹೊತ್ತು ಯಾನ್ ಅಜ್ಜಿ ಬಂದಿದ್ದಾರೆ. ಮಗಳ ಹೃದಯದ ಶಸ್ತ್ರಚಿಕಿತ್ಸೆಯ ದಿನ ಹರಕೆ ಹೊತ್ತು ಮೂರು ವರ್ಷ ಮಾಂಸ ಬಿಟ್ಟವರು. ಮಗಳು ಗುಣವಾಗಿ ಕೆಲಸಕ್ಕೂ ಹೋಗುತ್ತಿದ್ದಾಳೆ. ಇವತ್ತು ಬೆಟ್ಟದಲ್ಲಿ ಧೂಪ ಹಚ್ಚಿದರೆ ಹರಕೆ ತೀರಿತು. ಪು ಅಕ್ಕ ಬಟಾಣಿ ಕುಡಿ ತೊಳೆಯಲು ಹಿಂದಿನ ನಲ್ಲಿಗೆ ಹೋಗಿದ್ದಾರೆ. ಅಷ್ಟರಲ್ಲಿ ಬಸ್ಸು ಹಾರ್ನ್ ಹಾಕುತ್ತದೆ. ಅಜ್ಜಿ ಹಸಿದು ಹೋಗುತ್ತಾರಲ್ಲ ಎಂದು ಡೆಂಗ್ ಚಡಪಡಿಸುತ್ತಾರೆ. ಕಟ್ಟೆ ದಾಟಿ ಬಂದು ಬೋಗುಣಿ ತುಂಬಿಸಿ ಕೊಟ್ಟೇಬಿಡುತ್ತಾರೆ.

ಅರ್ಧ ತಿಂದ ಮೇಲೆ ತಲೆಯೆತ್ತಿದ ಅಜ್ಜಿಗೆ ಡೆಂಗ್ ಕೈಯಲ್ಲಿ ಚಮಚ ಕಾಣುತ್ತದೆ. "ಇದು ನೀನ್ ಮಾಡಿದ್ದೇನಪ್ಪಾ?"

"ಹೂಂ ಅಜ್ಜಿ."

"ಕೊಬ್ಬು ಹಾಕಿದ್ಯಾ?"

ಡೆಂಗ್ ಜಾಡಿಗಳ ಸಾಲನ್ನೊಮ್ಮೆ, ಕೈಯಲ್ಲಿನ ಚಮಚವನ್ನೊಮ್ಮೆ ನೋಡುತ್ತಾರೆ. ಕುಡಿ ಹಿಡಿದು ಬಂದ ಪು ಅಕ್ಕ ಗಂಡನ ಮುಖ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾರೆ. "ಹಾಕಿದ್ಯೋ ಇಲ್ವೋ? ಬಾಯ್ಬಿಡು."

"ನಾಲ್ಕನೇ ಸಲ ಚಮಚ ಹಾಕಿದ್ದು ನೆನಪಿದೆ ಕಣೆ. ಯಾವ ಕಡೆ ಜಾಡಿಗೆ ಹಾಕ್ದೆ ಅನ್ನೋದು ಕೈಗೇ ಗೊತ್ತು, ನಂಗೊತ್ತಿಲ್ಲ."

ಅಜ್ಜಿ ತಿನ್ನುವ ಕಡ್ಡಿಗಳನ್ನು ಕೆಳಗಿಡುತ್ತಾರೆ. ಬೈಗುಳವಿಲ್ಲ, ಅಳುವಿಲ್ಲ. "ಕೊಬ್ಬು ಬಿದ್ದಿದ್ರೆ ನಾನು ವಾಪಸ್ ಮನೆಗೆ ಹೋಗ್ತೀನಮ್ಮ. ಮೊದಲಿಂದ ಶುರು ಮಾಡ್ಬೇಕು. ಮಗಳ ವಿಷ್ಯ" ಎನ್ನುತ್ತಾರೆ. ಡೆಂಗ್ ಅವರ ಮುಖವನ್ನು ಆಗ ನಮ್ಮಿಂದ ನೋಡಲಾಗುವುದಿಲ್ಲ.

ಪು ಅಕ್ಕ ಸಾರನ್ನು ನಾಲಗೆಗೆ ಮುಟ್ಟಿಸಿ ನೋಡುತ್ತಾರೆ. ಅರೆದ ಎಳ್ಳಿನ ರುಚಿ ಗಟ್ಟಿಯಾಗಿದೆ, ಆದರೆ ಅದರ ಅಡಿಯಲ್ಲಿ ಬೇರೇನಿದ್ದರೂ ತಿಳಿಯದು. ಆಕೆ ಅಜ್ಜಿಯ ಬೋಗುಣಿಯನ್ನೂ ಗಂಡನ ಕಡೆಯ ಕೊಬ್ಬು ಹಾಕಿದ ಒಂದು ಬೋಗುಣಿ ಸಾರನ್ನೂ ಹೊರಗಿನ ಕಲ್ಲಿನ ಮೆಟ್ಟಿಲ ಮೇಲೆ ಅಕ್ಕಪಕ್ಕ ಇಡುತ್ತಾರೆ. ಕೈ ಸೆಡೆಯುವ ಚಳಿ. ಹಂದಿ ಕೊಬ್ಬು ತಣ್ಣಗಾದರೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ, ಖಾರದೆಣ್ಣೆಗೆ ಬಳಸುವ ಸಾಸಿವೆ ಎಣ್ಣೆ ಕಟ್ಟುವುದಿಲ್ಲ. ಇದು ನಮ್ಮಲ್ಲಿ ಪಾತ್ರೆ ತೊಳೆದ ಯಾರಿಗೂ ಗೊತ್ತು.

"ಅಕ್ಕಾ, ಹೊರಡ್ಬೇಕು" ಎಂದು ಚಾಲಕ ಕೂಗುತ್ತಾನೆ.

"ನಿನ್ ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಹೋಗಿದೆ? ಸುಮ್ನೆ ನಿಂತ್ಕೋ."

ಅವನೂ ಇಳಿದು ಬರುತ್ತಾನೆ. ಎಲ್ಲರೂ ಮೆಟ್ಟಿಲ ಸುತ್ತ ಬಗ್ಗಿ ನಿಲ್ಲುತ್ತೇವೆ. ಡೆಂಗ್ ಕಡೆಯ ಬೋಗುಣಿಯ ಅಂಚಿನಲ್ಲಿ ಮೊದಲು ಬಿಳಿ ಗೆರೆ ಮೂಡುತ್ತದೆ, ಆಮೇಲೆ ಮೇಲೆಲ್ಲ ಕೆನೆಯ ಹಾಗೆ ಕಟ್ಟುತ್ತದೆ. ಪಕ್ಕದ ಬೋಗುಣಿಯಲ್ಲಿ ಕೆಂಪೆಣ್ಣೆ ಇನ್ನೂ ತೇಲಾಡುತ್ತಿದೆ. ಪು ಅಕ್ಕ ಬೋಗುಣಿ ವಾಲಿಸುತ್ತಾರೆ, ಎಣ್ಣೆ ಸಲೀಸಾಗಿ ಹರಿಯುತ್ತದೆ. ಮತ್ತೂ ಕಾಯುತ್ತೇವೆ. ಬಿಳಿಯ ಚುಕ್ಕೆಯೂ ಇಲ್ಲ.

"ನೀವೇ ನೋಡಿ ಅಜ್ಜಿ."

ಅಜ್ಜಿ ಬೆರಳದ್ದಿ ಉಜ್ಜಿ ನೋಡುತ್ತಾರೆ. "ಎಣ್ಣೆನೇ ಕಣಮ್ಮ" ಎಂದು ಮೆಟ್ಟಿಲ ಮೇಲೆ ಕುಸಿದು ಕೂತು ನಗುತ್ತಾರೆ. ನಮಗೆಲ್ಲ ಜೀವ ಬಂದಂತಾಗುತ್ತದೆ. ಪು ಅಕ್ಕ ಬಿಸಿ ಸಾರು ಸುರಿದು ಉಳಿದರ್ಧವನ್ನು ತಿನ್ನಿಸಿಯೇ ಬಸ್ಸು ಹತ್ತಿಸುತ್ತಾರೆ.

ಬಸ್ಸು ಹೋದ ಮೇಲೆ ಅವರು ನನಗೆ ಜಾಡಿಗಳ ಸಾಲು ತೋರಿಸುತ್ತಾರೆ. ಗಂಡನ ಕಡೆ ನಾಲ್ಕನೇ ಜಾಗದಲ್ಲಿ ಕೊಬ್ಬಿನ ಜಾಡಿ. ಇವರ ಕಡೆ ಅದೇ ಜಾಗದಲ್ಲಿ ಎಳ್ಳಿನದು. "ಇವನು ಒಂದಿನ ಇತ್ಲಾಗೆ ಬಂದೇ ಬರ್ತಾನೆ ಅಂತ ಗೊತ್ತಿತ್ತು. ಆ ಕೈ ನಾಲ್ಕನೇ ಜಾಗಕ್ಕೇ ಹೋಗೋದು. ಅದಕ್ಕೇ ಅಲ್ಲಿ ಎಳ್ಳು ಇಟ್ಟಿದ್ದೀನಿ."

ಹಾಗಿದ್ದರೆ ಆಗಲೇ ಹೇಳಬಹುದಿತ್ತಲ್ಲ ಎಂದು ಕೇಳುತ್ತೇನೆ.

"ಮೂರು ವರ್ಷದ ಹರಕೆ. ನನ್ನ ಬಾಯಿಮಾತು ಅವ್ರಿಗೆ ಯಾತಕ್ಕೆ ಸಾಲುತ್ತೆ? ಕಣ್ಣಾರೆ ನೋಡ್ಬೇಕು." ಆಮೇಲೆ ಮೆಲ್ಲಗೆ, "ನಂಗೂ ನೋಡ್ಬೇಕಿತ್ತು ಅನ್ನಿ" ಎನ್ನುತ್ತಾರೆ.

ಮರುದಿನ ಸಂಜೆ ನಾನು ನಿಲ್ದಾಣದಲ್ಲೇ ಇದ್ದೇನೆ. ಬೆಟ್ಟದ ಬಸ್ಸಿನಿಂದ ಇಳಿದ ಯಾನ್ ಅಜ್ಜಿ ಸೀದಾ ಅಂಗಡಿಗೆ ಬರುತ್ತಾರೆ, ಪು ಅಕ್ಕನ ಕೈ ಹಿಡಿದು ಒತ್ತುತ್ತಾರೆ. ಆಮೇಲೆ ಬಲಗಡೆಯ ಬೆಂಚಿಗೆ ಹೋಗಿ ಕೂರುತ್ತಾರೆ.

"ನಂಗೊಂದು ಬೋಗುಣಿ ಮಾಡಪ್ಪಾ. ಕೊಬ್ಬು ಎರಡು ಚಮಚ."

ಡೆಂಗ್ ಹಿಗ್ಗಿ ಮೂರು ಹಾಕುತ್ತಾರೆ. ಅಜ್ಜಿ ಕಣ್ಣು ಮುಚ್ಚಿ ಹೀರುವುದನ್ನು ಪು ಅಕ್ಕ ಎಡಗಡೆ ಒಲೆಯ ಹಿಂದೆ ನಿಂತು ನೋಡುತ್ತಾರೆ.

"ನೋಡಿ, ನಂದೊಂದು ಗಿರಾಕಿ ಹೋಯ್ತು" ಎನ್ನುತ್ತಾರೆ ನನಗೆ, ಮುಖದ ತುಂಬ ನಗು.