ಮಾಳಿಗೆ ಮೇಲಿನ ಎರಡನೇ ದಾರಿ

ನಮ್ಮ ಓಣಿಯವರು ಈ ಕತೆಯನ್ನು ಹೇಳುವ ರೀತಿಯೇ ಬೇರೆ. ಚಿಗವ್ವನ ಹೊಲಿಗೆ ಕ್ಲಾಸು ಮುಚ್ಚಿಸಲು ನೋಟೀಸು ಬಂದಿತ್ತಂತೆ, ಅವಳ ಅಕ್ಕನ ಮಗಳು ಹರಪನಹಳ್ಳಿಯ ಕಚೇರಿಗೆ ಹೋಗಿ ಸಾಹೇಬರ ಬಾಯಿ ಮುಚ್ಚಿಸಿ ಬಂದಳಂತೆ. ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಗುರುತಿಲ್ಲದವರೂ ನನ್ನನ್ನು ನಿಲ್ಲಿಸಿ, ಡಿಬೇಟಿನ ಹುಡುಗಿ ನೀವೇ ಅಲ್ಲವೇ ಎಂದು ಕೇಳಿದ್ದುಂಟು. ಹುಡುಗಿ ನಾನೇ ಹೌದು. ಆದರೆ ಬಾಯಿ ಮುಚ್ಚಿಸಿದ್ದು ಸುಳ್ಳು. ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ, ಕೇಳಬೇಕಾದದ್ದನ್ನೇ ಕೇಳಿದರು. ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಗೆದ್ದದ್ದು ಹಾಗೆ.

ಚಿಗವ್ವನ ಕಟ್ಟಡದ ಕೆಳಗೆ ಗಾದಿ ಅಂಗಡಿ ಇದೆ. ಹತ್ತಿ ಹಿಂಜುವ ಯಂತ್ರ ಬೆಳಗಿನಿಂದ ಸಂಜೆವರೆಗೆ ತಿರುಗುತ್ತದೆ, ಅದರ ಧೂಳು ಮೆಟ್ಟಿಲ ಮೇಲೆಲ್ಲ ಬಿಳಿ ಹೊದಿಕೆಯಂತೆ ಕೂರುತ್ತದೆ. ಮೆಟ್ಟಿಲೋ, ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿದರೆ ಇಬ್ಬರೂ ಗೋಡೆಗೆ ಬೆನ್ನು ಹಚ್ಚಬೇಕು. ಮೇಲೆ ಒಂದು ಉದ್ದನೆಯ ಕೋಣೆ, ಅದರಲ್ಲಿ ಸಾಲಾಗಿ ಹೊಲಿಗೆ ಯಂತ್ರಗಳು, ಎರಡು ಇಸ್ತ್ರಿ ಪೆಟ್ಟಿಗೆ. ಕಿಟಕಿಗಳಿಗೆ ಕಬ್ಬಿಣದ ಸರಳು. ಚಿಗಪ್ಪ ತೀರಿಕೊಂಡ ಮೇಲೆ ಚಿಗವ್ವ ತಾನೇ ನಿಂತು ಕಟ್ಟಿಸಿದ ಕೋಣೆ ಅದು. ಮಧ್ಯಾಹ್ನದ ಹೊತ್ತು ಚಿಗಟೇರಿ ಕಡೆಯಿಂದ ಬಸ್ಸಿನಲ್ಲಿ ಬರುವವರೂ ಸೇರಿ ಇಪ್ಪತ್ತು ಹುಡುಗಿಯರು ಅಲ್ಲಿ ಕೂತಿರುತ್ತಾರೆ. ಕ್ಲಾಸು ನಿಂತರೆ ಚಿಗವ್ವನಿಗೆ ಬೇರೆ ಆಧಾರವಿಲ್ಲ.

ನೋಟೀಸಿನಲ್ಲಿ ಇದ್ದದ್ದು ಇಷ್ಟೇ: ಮೇಲಂತಸ್ತಿಗೆ ಎರಡನೇ ನಿರ್ಗಮನ ಮಾರ್ಗವಿಲ್ಲ, ವ್ಯವಸ್ಥೆ ಮಾಡಿಕೊಳ್ಳದಿದ್ದರೆ ತರಗತಿ ನಿಲ್ಲಿಸತಕ್ಕದ್ದು. ಚಿಗವ್ವ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, ನಿರ್ಗಮನ ಅಂದರೇನು ಎಂದು ಕೇಳಿದಳು. ಹೊರಗೆ ಹೋಗುವ ದಾರಿ ಎಂದೆ.

"ಐತಲ್ಲ ಮತ್ತ," ಅಂದಳು. "ಮಾಳಿಗಿ ಬಾಗ್ಲ."

ನಮ್ಮ ಹಳೆಯ ಓಣಿಗಳಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮಾಳಿಗೆಗಳೂ, ಅಂದರೆ ಮಣ್ಣು ಹಾಸಿದ ಮಟ್ಟಸ ಚಾವಣಿಗಳೂ, ಹಾಗೆಯೇ. ಮೆಣಸಿನಕಾಯಿ ಒಣಹಾಕಲು ಹತ್ತಿದವರು ಮಾಳಿಗೆಯಿಂದ ಮಾಳಿಗೆಗೆ ದಾಟುತ್ತ ಓಣಿಯ ತುದಿಯಲ್ಲಿ ಇಳಿದುಬಿಡಬಹುದು. ಚಿಗವ್ವನ ಕೋಣೆಯ ಹಿಂದಿನ ಗೋಡೆಗೂ ಪಕ್ಕದ ಮಾಳಿಗೆಗೆ ತೆರೆಯುವ ಒಂದು ಬಾಗಿಲಿತ್ತು. ಪಕ್ಕದ್ದು ಅವಳ ವಾರಗಿತ್ತಿಯ ಮನೆ. ನಾನು ಅವಳನ್ನು ದೊಡ್ಡವ್ವ ಎನ್ನುತ್ತೇನೆ. ಪಾಲಾಗುವ ಮೊದಲು ಎರಡೂ ಒಂದೇ ಮನೆ.

ಆದರೆ ಆ ಬಾಗಿಲು ವರ್ಷಗಳಿಂದ ತೆರೆದಿರಲಿಲ್ಲ. ಮೇಲಿನ ಕೋಣೆ ಕಟ್ಟಿದ ಮೇಲೆ ಅದರ ಮಳೆನೀರೆಲ್ಲ ದೊಡ್ಡವ್ವನ ಮಾಳಿಗೆಗೆ ಬೀಳತೊಡಗಿತ್ತು. ಮಾತಿಗೆ ಮಾತು ಬೆಳೆದು, ದೊಡ್ಡವ್ವ ತನ್ನ ಕಡೆಯಿಂದ ಚಿಲಕ ಹಾಕಿಕೊಂಡಿದ್ದಳು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆ ಬಾಗಿಲಿನ ಫೋಟೋ ತೆಗೆದೆ, ಅಳತೆ ಹಿಡಿದೆ, ನಾಲ್ಕು ಪುಟದ ಮೇಲ್ಮನವಿ ಬರೆದೆ. ಪರಂಪರಾಗತ ಮಾಳಿಗೆ ಮಾರ್ಗ ಎಂಬ ಪದವನ್ನು ಹೊಸೆದದ್ದು ನಾನೇ. ಅದರ ಬಗ್ಗೆ ಆಗ ನನಗೆ ಸಣ್ಣ ಜಂಬವೂ ಇತ್ತು.

ಡಿಬೇಟಿನಲ್ಲಿ ನಾವು ಯಾವ ಪಕ್ಷ ಎಂಬುದನ್ನು ಚೀಟಿ ನಿರ್ಧರಿಸುತ್ತದೆ. ಹಡಗಲಿಯ ಕಾಲೇಜಿನಲ್ಲಿ ಪರವಾಗಿ ಮಾತಾಡಿ ಬಹುಮಾನ ತಂದ ವಿಷಯಕ್ಕೇ ಕೂಡ್ಲಿಗಿಯಲ್ಲಿ ವಿರೋಧವಾಗಿ ಮಾತಾಡಿ ಬಹುಮಾನ ತಂದವಳು ನಾನು. ಅದರಲ್ಲಿ ಅಪ್ರಾಮಾಣಿಕತೆ ಏನೂ ಇಲ್ಲ, ಎರಡೂ ಬದಿಯಿಂದ ಯೋಚಿಸುವ ಕಸರತ್ತು ಎಂದು ನಮಗೆ ಕಲಿಸಿದ್ದರು. ಈಗಲೂ ಅದನ್ನು ಒಪ್ಪುತ್ತೇನೆ. ಒಂದು ತಿದ್ದುಪಡಿ ಮಾತ್ರ ಸೇರಿಸುತ್ತೇನೆ: ಡಿಬೇಟು ಮುಗಿದ ಮೇಲೆ ಆ ವೇದಿಕೆಯ ಮೇಲೆ ಯಾರೂ ಹೊಲಿಗೆ ಹಾಕುತ್ತ ಕೂತಿರುವುದಿಲ್ಲ. ಮೇಲ್ಮನವಿ ಬರೆಯುವಾಗಲೇ ಒಂದು ವಿಷಯ ಹೊಳೆದಿತ್ತು. ಚೀಟಿಯಲ್ಲಿ ನೋಟೀಸಿನ ಪಕ್ಷ ಬಂದಿದ್ದರೆ ನನಗೆ ನಾಲ್ಕು ಪುಟ ಬೇಕಾಗುತ್ತಿರಲಿಲ್ಲ, ಅರ್ಧ ಪುಟ ಸಾಕಿತ್ತು.

ವಿಚಾರಣೆಯ ದಿನ ಚಿಗವ್ವ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಅಧಿಕಾರಿ ನನ್ನ ಕಾಗದಗಳನ್ನು ನಿಧಾನವಾಗಿ ಓದಿದರು. ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ ಕೇಳಿದರು:

"ಈ ಬಾಗಿಲು ತೆರೆಯುತ್ತದೇನಮ್ಮಾ?"

"ಬಾಗಿಲು ಇರೋದೇ ತೆರೆಯೋದಕ್ಕಲ್ವಾ ಸರ್," ಅಂದೆ.

ಕೋಣೆಯಲ್ಲಿದ್ದವರು ನಕ್ಕರು. ಅವರೂ ನಕ್ಕರು. ಆ ನಗುವಿನಲ್ಲೇ ಪ್ರಶ್ನೆ ಜಾರಿಹೋಯಿತು. ನಾನು ಸುಳ್ಳು ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಎದುರಾಳಿ ಕೇಳಿದ ಪ್ರಶ್ನೆ ಬಿಟ್ಟು ಪಕ್ಕದ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮಲ್ಲಿ ಹಳೆಯ ಪಟ್ಟು.

ಕೆಲವು ದಿನಗಳ ಮೇಲೆ ಆದೇಶ ಬಂತು. ನೋಟೀಸು ರದ್ದು. ಕೊನೆಯಲ್ಲಿ ಒಂದು ಸಾಲು ಷರತ್ತು: ಸದರಿ ಎರಡನೇ ಮಾರ್ಗವು ಸದಾ ಮುಕ್ತವಾಗಿರತಕ್ಕದ್ದು. ಚಿಗವ್ವ ಮೊದಲ ಸಾಲು ಮಾತ್ರ ಓದಿದಳು. ಹುಡುಗಿಯರಿಗೆಲ್ಲ ಮಂಡಕ್ಕಿ ಮಿರ್ಚಿ ತರಿಸಿದಳು. ತಿಂದು ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತಾಗಿ ಎಲ್ಲರೂ ಒಟ್ಟಿಗೆ ಮೆಟ್ಟಿಲಿಗೆ ನುಗ್ಗಿದರು. ಮುಂದಿದ್ದವಳ ದುಪಟ್ಟಾ ಕಂಬಿಯ ತುದಿಗೆ ಸಿಕ್ಕಿಕೊಂಡಿತು. ಅವಳು ನಿಂತಳು, ಅವಳ ಹಿಂದೆ ಎಲ್ಲರೂ ನಿಂತರು. ನಗುತ್ತಿದ್ದರು, ತಳ್ಳುತ್ತಿದ್ದರು, ಬೈಯುತ್ತಿದ್ದರು. ದುಪಟ್ಟಾ ಬಿಡಿಸಲು ಹಿಡಿದದ್ದು ಅರ್ಧ ನಿಮಿಷ ಇದ್ದೀತು. ನಾನು ಎಲ್ಲರಿಗಿಂತ ಮೇಲೆ, ಖಾಲಿ ತಟ್ಟೆಗಳನ್ನು ಹಿಡಿದು ನಿಂತಿದ್ದೆ. ಕೆಳಗೆ ಯಂತ್ರ ಹತ್ತಿ ಹಿಂಜುತ್ತಲೇ ಇತ್ತು.

ಅವತ್ತೇ ಚಿಗವ್ವನಿಗೆ ಷರತ್ತಿನ ಸಾಲು ಓದಿ ಹೇಳಿದೆ. ನೀರಿಗೆ ಒಂದು ಪೈಪು ಹಾಕಿಸು, ಚಿಲಕ ತೆಗೆಸೋಣ ಎಂದೆ. ಪೈಪು ಹಾಕಿಸಲು ಅವಳ ಅಡ್ಡಿಯೇನೂ ಇರಲಿಲ್ಲ. ವಾರಗಿತ್ತಿ ಒಂದು ಸಲ ಬಾಯಿಬಿಟ್ಟು ಕೇಳಲಿ, ಮರುದಿನವೇ ಹಾಕಿಸುತ್ತೇನೆ ಎಂದಳು. ದೊಡ್ಡವ್ವನ ಮಾತು ನನಗೆ ಮೊದಲೇ ಗೊತ್ತಿತ್ತು: ಕೇಳಿಸಿಕೊಂಡು ಹಾಕಿಸುವುದಾದರೆ ಬೇಡ, ಕೇಳದೆಯೇ ಹಾಕಿಸಲಿ. ಈ ಎರಡು ವಾದಗಳಲ್ಲಿ ಯಾವುದರಲ್ಲೂ ನನಗೆ ಬಿರುಕು ಸಿಗಲಿಲ್ಲ.

ಮರುದಿನ ದೊಡ್ಡವ್ವನ ಮನೆಗೆ ಹೋದೆ. ಅವಳು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಾನೂ ಕೂತು ಸುಲಿಯುತ್ತ ನನ್ನ ಮಾತು ಇಟ್ಟೆ. ಜಗಳ ನಿಮ್ಮಿಬ್ಬರದು, ಹುಡುಗಿಯರದಲ್ಲ. ಚಿಲಕ ತೆಗೆದ ಮಾತ್ರಕ್ಕೆ ಜಗಳದಲ್ಲಿ ಸೋತಂತಲ್ಲ. ಬಾಗಿಲು ತೆರೆದಿದ್ದರೂ ಯಾರೂ ಇತ್ತ ಬಂದು ಕೂರುವುದಿಲ್ಲ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ಮುಗೀತಾ?" ಅಂದಳು. "ಚಲೋ ಮಾತಾಡ್ತಿ ಯವ್ವಾ. ಬಹುಮಾನದ ಕಪ್ಪು ಇದ್ದಿದ್ರ ಕೊಟ್ಟು ಕಳಸ್ತಿದ್ದೆ. ಈಗ ಎದ್ದು ದೇವರ ಮನಿ ನೋಡಿ ಬಾ, ಹೋಗು."

ಹೋಗಿ ನೋಡಿದೆ. ದೇವರ ಗೂಡಿನ ಮೇಲಿಂದ ನೆಲದವರೆಗೆ ಗೋಡೆ ಹಸಿಯಾಗಿ ಕಪ್ಪಾಗಿತ್ತು. ಸುಣ್ಣ ಹಪ್ಪಳದಂತೆ ಎದ್ದು ಉದುರಿತ್ತು. ಗೂಡು ಖಾಲಿ. ದೇವರುಗಳನ್ನು ತಂದು ಪಡಸಾಲೆಯ ಟಿವಿ ಪಕ್ಕದ ಸ್ಟೂಲಿನ ಮೇಲೆ ಇಟ್ಟಿದ್ದಳು. ನನಗೆ ದೇವರ ಮೇಲೆ ನಂಬಿಕೆ ಇಲ್ಲ. ಗೋಡೆಯ ಮೇಲೆ ಇದೆ. ನಾಲ್ಕು ಪುಟ ಬರೆದವಳು ಈ ಮನೆಗೆ ಬಂದು ಒಂದು ಮಾತು ಕೇಳಿರಲಿಲ್ಲ. ದೊಡ್ಡವ್ವನ ಮಾಳಿಗೆಯನ್ನು ಅವಳ ಒಪ್ಪಿಗೆ ಇಲ್ಲದೆಯೇ ಸರ್ಕಾರದ ಕಾಗದದಲ್ಲಿ ದಾರಿ ಎಂದು ಬರೆಸಿ ತಂದಿದ್ದೆ.

ತಿರುಗಿ ಬಂದು ಕೂತೆ. ತಪ್ಪಾಯಿತು, ಪೈಪಿನ ಮಾತು ನನ್ನ ಮೇಲೆ ಬಿಡು ಎಂದೆ. ಅವಳು ಇನ್ನೊಂದು ಹಿಡಿ ಶೇಂಗಾ ಎಳೆದುಕೊಂಡಳು.

"ಪೈಪು ಬರ್ಲಿ, ಆಮೇಲೆ ಚಿಲಕದ ಮಾತು," ಅಂದಳು. "ಅಷ್ಟ್ರಾಗ ಬೆಂಕಿ ಬಿದ್ರ ತೆಗೀತೀನಿ ಬಿಡು. ಹುಡುಗ್ಯಾರು ಸುಟ್ಟು ಹೋಗ್ಲಿ ಅನ್ನಾಕ ನಾನೇನು ರಾಕ್ಷಸಿ ಏನು?"

ಅಲ್ಲ ಎಂದು ನನಗೆ ಗೊತ್ತಿತ್ತು. ಅವಳು ಖಂಡಿತ ತೆಗೆಯುತ್ತಾಳೆ. ಮೊಣಕಾಲು ಹಿಡಿದುಕೊಂಡಾದರೂ ಮೆಟ್ಟಿಲು ಹತ್ತುತ್ತಾಳೆ. ಅದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಪಡಸಾಲೆಯ ಮೇಲೆ ಮೊಳದಷ್ಟು ದಪ್ಪದ ಮಣ್ಣಿನ ಮಾಳಿಗೆ ಇತ್ತು. ಟಿವಿ ಜೋರಾಗಿ ಹಾಡುತ್ತಿತ್ತು. ಗೋಡೆಯ ಆಚೆ ಹಿಂಜುವ ಯಂತ್ರ ಬೇರೆ. ಅದೇ ಹೊತ್ತಿಗೆ ಮೇಲೆ ಇಪ್ಪತ್ತು ಹೊಲಿಗೆ ಯಂತ್ರಗಳು ಓಡುತ್ತಿರಬೇಕು. ಒಂದರ ಸದ್ದೂ ನಮಗೆ ಕೇಳುತ್ತಿರಲಿಲ್ಲ.

"ದೊಡ್ಡವ್ವಾ," ಅಂದೆ, "ಅವ್ರು ಮ್ಯಾಲೆ ಬಾಗ್ಲ ಬಡದ್ರ ಇಲ್ಲಿ ನಿನಗ ಕೇಳಸ್ತೈತೇನು?"