ಸೂಜಿ ಮಾಮನ ಕೆಳಮೂಲೆ ಸುದ್ದಿ

ನಮ್ಮ ರಕ್ತಪರೀಕ್ಷೆಯ ಅಂಗಡಿಯಲ್ಲಿ ರಕ್ತ ತೆಗೆಯುವ ಕುರ್ಚಿ ಒಂದೇ. ಅಂಗಡಿ ಎಂದರೆ ಡಾಕ್ಟರ್ ಮೇಡಂಗೆ ಸಿಟ್ಟು ಬರುತ್ತದೆ, ಕೇಂದ್ರ ಅನ್ನಬೇಕು. ಆ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಇಪ್ಪತ್ತೆರಡು ವರ್ಷ ಕೂತವರು ಸೂಜಿ ಮಾಮ. ಕೂತವರು ಅಂದದ್ದು ತಪ್ಪು. ಆ ಮನುಷ್ಯ ಒಂದು ಕಡೆ ಕೂತದ್ದನ್ನು ನಾನು ಕಂಡಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಕಿಟಕಿಗೆ ಹೋಗುವುದು, ಬಾಗಿಲಿಗೆ ಬರುವುದು, ಹತ್ತಿಯ ಡಬ್ಬಿ ಮುಚ್ಚುವುದು, ಮತ್ತೆ ತೆಗೆಯುವುದು. ಯಾರಾದರೂ ಬಂದು ತೋಳು ಚಾಚಿದರೆ ಮಾತ್ರ ಸ್ಟೂಲಿಗೆ ಅಂಟುತ್ತಿದ್ದರು. ತೋಳು ಸಿಕ್ಕಿತೆಂದರೆ ಬಾಯಿ ಬಿಚ್ಚಿತೆಂದೇ ಲೆಕ್ಕ.

ನಾನು ಕೌಂಟರಿನವಳು. ಬಂದವರ ಹೆಸರು ಬರೆದುಕೊಳ್ಳುವುದು, ಹೆಸರಿನ ಸ್ಟಿಕ್ಕರ್ ತೆಗೆಯುವುದು, ಅದನ್ನು ಅರ್ಧ ಬಾಗಿಲಿನ ಮೇಲಿಂದ ಮಾಮನಿಗೆ ಕೊಡುವುದು, ಇಷ್ಟೇ ನನ್ನ ಕೆಲಸ. ಮಾಮ ಅದನ್ನು ರಕ್ತದ ಕೊಳವೆಗೆ ಅಂಟಿಸಿ ಸ್ಟ್ಯಾಂಡಿನಲ್ಲಿ ಇಟ್ಟರೆ ಒಳಕೋಣೆಯ ಹುಡುಗಿ ಯಂತ್ರಕ್ಕೆ ಹಾಕುತ್ತಾಳೆ. ಆಗ ನಾನು ಸೇರಿ ಎಂಟು ತಿಂಗಳಾಗಿತ್ತು. ಮುಂದಿನ ತಿಂಗಳು ಕೆಲಸ ಕಾಯಂ ಆಗುವುದರಲ್ಲಿತ್ತು. ಇದನ್ನು ಈಗಲೇ ಹೇಳಿಟ್ಟಿರುತ್ತೇನೆ, ಏಕೆಂದರೆ ಮುಂದೆ ನಾನು ನಡೆದುಕೊಂಡ ರೀತಿಗೆ ನನ್ನ ಹತ್ತಿರ ಇರುವ ನೆಪ ಇದೊಂದೇ.

ಮಾಮನ ಹುಚ್ಚು ಪತ್ರಿಕೆಯ ಕೆಳಮೂಲೆ ಸುದ್ದಿಗಳದ್ದು. ಜಾಹೀರಾತಿಗೂ ಸಾಲದೆ ಉಳಿದ ಅಂಗೈ ಅಗಲದ ಜಾಗದಲ್ಲಿ ಯಾವುದೋ ದೂರದ ಊರಿನ ವಿಚಿತ್ರವೊಂದನ್ನು ಹಾಕಿರುತ್ತಾರಲ್ಲ, ಅವು. ಬ್ಯಾಂಡೇಜು ಕತ್ತರಿಸುವ ಕತ್ತರಿಯಿಂದಲೇ ಅವುಗಳನ್ನು ಕತ್ತರಿಸಿ ಕೋಟಿನ ಜೇಬಿಗೆ ತುಂಬಿಕೊಳ್ಳುತ್ತಿದ್ದರು. ಕಚೇರಿಯೊಂದರ ದೊಡ್ಡ ಗಡಿಯಾರದೊಳಗೆ ಕಾಗೆ ಗೂಡು ಕಟ್ಟಿ, ಊರೆಲ್ಲ ಒಂದು ತಿಂಗಳು ನಲವತ್ತು ನಿಮಿಷ ತಡವಾಗಿ ಬದುಕಿದ್ದು. ಒಂದೇ ಬೆಕ್ಕನ್ನು ಎರಡು ಮನೆಯವರು ಒಂಬತ್ತು ವರ್ಷ ತಮ್ಮದೇ ಎಂದು ಸಾಕಿದ್ದು. ಬೆಕ್ಕು ಎರಡೂ ಕಡೆ ಉಂಡು ಎರಡು ಹೆಸರಿಗೂ ಓಗೊಡುತ್ತಿತ್ತಂತೆ.

ಅವರ ಕೆಲಸದ ಗುಟ್ಟೇ ಇದು. ತೋಳಿಗೆ ಪಟ್ಟಿ ಬಿಗಿಯುವಾಗ ಸುದ್ದಿ ಶುರು. ನರ ಹುಡುಕುವಾಗ ಅದಕ್ಕೆ ಕೈಕಾಲು ಮೂಡುತ್ತದೆ. 'ಆಮೇಲೆ ಏನಾಯ್ತು ಗೊತ್ತಾ' ಎಂದು ಹುಬ್ಬು ಏರಿಸುವಷ್ಟರಲ್ಲಿ ಸೂಜಿ ಒಳಗೆ. ನೋವು ಗೊತ್ತಾಗುವುದಿಲ್ಲ ಎಂದು ಜನ ಹೊಗಳುತ್ತಿದ್ದರು. ಮಕ್ಕಳು ಇಟ್ಟ ಹೆಸರೇ ಸೂಜಿ ಮಾಮ. ಐವತ್ತು ದಾಟಿದ ನಮ್ಮ ಮೇಡಂ ಕೂಡ ಮರೆತು ಒಮ್ಮೆ ಹಾಗೇ ಕರೆದುಬಿಟ್ಟಿದ್ದರು.

ನನಗೆ ಮೊದಮೊದಲು ತಲೆ ಚಿಟ್ಟು ಹಿಡಿಯುತ್ತಿತ್ತು. ಹೊರಗೆ ಉಪವಾಸ ಬಂದ ಇಪ್ಪತ್ತು ಜನ ಹೊಟ್ಟೆ ಹಿಡಿದುಕೊಂಡು ಕೂತಿರುವಾಗ ಇವರದ್ದು ಬೆಕ್ಕು, ಕಾಗೆ. ನಾನು ಮೂಗು ಮುರಿದರೆ ಅವರಿಗೆ ಲಕ್ಷ್ಯವಿಲ್ಲ. ಸಾಲದ್ದಕ್ಕೆ ಬಂದವರನ್ನೆಲ್ಲ 'ನಿಮಗೇನು ಹುಚ್ಚು' ಎಂದು ಕೇಳುತ್ತಿದ್ದರು. ಒಬ್ಬರು ಹಳೆಯ ಬೀಗ ಸೇರಿಸುತ್ತೇನೆ ಅಂದರು. ಇನ್ನೊಬ್ಬರು ರೈಲಿನ ವೇಳಾಪಟ್ಟಿ ಓದುತ್ತೇನೆ ಅಂದರು, ಎಲ್ಲಿಗೂ ಹೋಗುವುದಿಲ್ಲವಂತೆ, ಬರೀ ಓದುವುದಂತೆ. ಅಂಥವರು ಸಿಕ್ಕ ದಿನ ಮಾಮನ ಮುಖ ನೋಡಬೇಕಿತ್ತು. ನನ್ನನ್ನು ಕೇಳಿದಾಗ ನನಗಿಬ್ಬರು ಮಕ್ಕಳಿದ್ದಾರೆ, ಹುಚ್ಚಿಗೆ ಪುರುಸೊತ್ತಿಲ್ಲ ಅಂದಿದ್ದೆ.

ಡಬ್ಬಿ ಊಟದ ಹೊತ್ತಿಗೆ ಅವರ ತಲೆಯೊಳಗಿನ ಗಿರಣಿ ಜೋರಾಗುತ್ತಿತ್ತು. ಪತ್ರಿಕೆಯ ಮೇಲ್ಭಾಗದಲ್ಲಿ ಬರುವುದೆಲ್ಲ ಲೋಕವನ್ನು ಆಳುವವರ ಸುದ್ದಿ, ಕೆಳಗೆ ಬರುವುದು ಲೋಕದಲ್ಲಿ ಇರುವವರ ಸುದ್ದಿ ಎನ್ನುತ್ತಿದ್ದರು. ನಮ್ಮಂಥವರು ಎದ್ದು, ಉಂಡು, ದುಡಿದು, ಮಲಗಿ ಹಾಗೇ ಕಳೆದುಹೋಗುತ್ತೇವೆ, ಕಾಗೆ ಗಡಿಯಾರಕ್ಕೆ ಹೊಕ್ಕರೆ ಒಂದು ದಿನ ಕಾಣಿಸಿಕೊಳ್ಳುತ್ತೇವೆ ಎನ್ನುತ್ತಿದ್ದರು. ಹೇಳುತ್ತ ಹೇಳುತ್ತ ಎದ್ದು ಓಡಾಡುತ್ತಿದ್ದರು. ತುತ್ತು ಕೈಯಲ್ಲೇ ಒಣಗುತ್ತಿತ್ತು. ಮನೆಯಲ್ಲಿ ಇದನ್ನೆಲ್ಲ ಕೇಳುವವರಿಲ್ಲ ಎಂಬುದು ನನಗೆ ಗೊತ್ತಾದದ್ದು ಅವರ ಹೆಂಡತಿಯಿಂದ. ಒಮ್ಮೆ ಕನ್ನಡಕ ಕೊಡಲು ಬಂದ ಆಕೆ, ನಮ್ಮನೇಲಿ ಊಟ ಮುಗಿಯೋ ತನಕ ಸುದ್ದಿ ಬಂದ್ ಎಂದು ನಕ್ಕರು. ಊಟ ಮುಗಿದ ಮೇಲೆ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾಳಂತೆ, ಆಕೆಗೆ ನಿದ್ದೆ ಬರುತ್ತದಂತೆ.

ಹಾಗಾಗಿ ಮಾಮನಿಗೆ ಆ ಸ್ಟೂಲೇ ಸರ್ವಸ್ವ. ಸಾಲು ನಿಧಾನ ಎಂದು ಎರಡು ಸಲ ದೂರು ಹೋಗಿದ್ದಾಗ ಮೇಡಂ ಕರೆದು ಕಡ್ಡಿ ಮುರಿದ ಹಾಗೆ ಹೇಳಿದ್ದರು: ಮಾತಿನಿಂದಾಗಿ ಒಂದೇ ಒಂದು ತಪ್ಪಾದರೂ ಸೂಜಿ ಬಿಟ್ಟು ಒಳಕೋಣೆಗೆ. ಒಳಕೋಣೆಯಲ್ಲಿ ಮೂರು ಯಂತ್ರ, ಒಂದು ಫ್ರಿಜ್ಜು. ಅವುಗಳಿಗೆ ತೋಳಿಲ್ಲ, ಕಿವಿಯೂ ಇಲ್ಲ. ಆವತ್ತು ಮಾಮನ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದ್ದೆ.

ಅದಾಗಿ ಮೂರೇ ವಾರಕ್ಕೆ ಆ ಸೋಮವಾರ ಬಂತು. ಜನವೋ ಜನ. ಸ್ಟಿಕ್ಕರಿನ ಯಂತ್ರ ಕೈಕೊಟ್ಟು, ಬಡಿದು ಬಡಿದು ಸರಿಮಾಡಿದ್ದೆ. ಏಳನೆಯವರು ಲಾರಿ ಡ್ರೈವರ್. ಬಾಗಿಲಿನಷ್ಟು ಅಗಲದ ಆಳು, ಸೂಜಿ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಸಕ್ಕರೆ ಕಾಯಿಲೆ ಇಲ್ಲ ಎಂದು ಸಂಜೆಯೊಳಗೆ ವರದಿ ಕೊಟ್ಟರೆ ಮಾತ್ರ ಅವರ ಕಂಪನಿ ಮತ್ತೆ ಗಾಡಿ ಕೊಡುವುದಿತ್ತು. ಎಂಟನೆಯವರು ಹೊಲಿಗೆಯಮ್ಮ, ನಮ್ಮ ಹಳೇ ಗಿರಾಕಿ. ಅವರದ್ದೂ ಸಕ್ಕರೆ ಪರೀಕ್ಷೆಯೇ. ಇಬ್ಬರ ಸ್ಟಿಕ್ಕರನ್ನೂ ಕಿತ್ತು ಎಡಗೈಯ ಹಿಂಬದಿಗೆ ಅಂಟಿಸಿಕೊಂಡು ನಾನು ಅರ್ಧ ಬಾಗಿಲಿಗೆ ಹೋದೆ. ಅದು ನನ್ನ ಅಭ್ಯಾಸ, ಕೈ ಖಾಲಿ ಇರುತ್ತದೆ.

ಒಳಗೆ ಕೋಳಿಯ ಸುದ್ದಿ ನಡೆದಿತ್ತು. ಎಲ್ಲೋ ಬಾಗಿಲು ಮುರಿದ ಅಂಚೆ ಡಬ್ಬದೊಳಗೆ ಕೋಳಿಯೊಂದು ಕಾಗದಗಳ ಮೇಲೆ ಕಾವಿಗೆ ಕೂತಿತ್ತು. ಅಂಚೆಯವನಿಗೆ ಎಬ್ಬಿಸಲು ಮನಸ್ಸು ಬರಲಿಲ್ಲ. ಇಪ್ಪತ್ತೊಂದು ದಿನ ಊರಿನ ಒಂದು ಕಾಗದವೂ ಹೊರಡಲಿಲ್ಲ. ಕುರ್ಚಿಯ ಬೆನ್ನು ನಮ್ಮ ಕಡೆಗಿದ್ದುದರಿಂದ ನನಗೆ ಕಾಣುತ್ತಿದ್ದುದು ಮಾಮನ ಮುಖವಷ್ಟೇ. ಆ ಮುಖ ನೋಡುತ್ತ ನಾನು ನಿಂತೆ. ಮರಿ ಹೊರಬಂದ ದಿನ ಕೋಳಿಯ ಕೆಳಗೆ ಸಿಕ್ಕಿದ್ದರಲ್ಲಿ ಒಬ್ಬ ಗುಮಾಸ್ತನ ರಾಜೀನಾಮೆ ಪತ್ರವಿತ್ತು. ಅದು ತಲುಪದೆ ಇದ್ದುದಕ್ಕೆ ಅಷ್ಟರಲ್ಲಿ ಅವನಿಗೆ ಬಡ್ತಿಯೇ ಆಗಿಹೋಗಿತ್ತು. ಮಾಮ ಹೊಟ್ಟೆ ಕುಲುಕಿ ನಕ್ಕರು. ಡ್ರೈವರ್ ಎದ್ದು ಹೊಲಿಗೆಯಮ್ಮ ಕೂತಾಗ ಬಡ್ತಿಯ ಭಾಗವನ್ನು ಇನ್ನೊಮ್ಮೆ ಹೇಳಿ ಇನ್ನೊಮ್ಮೆ ನಕ್ಕರು. ನಾನೂ ಎರಡು ಸಲ ಕೇಳಿ ಎರಡು ಸಲ ನಕ್ಕೆ. ಅಷ್ಟರಲ್ಲಿ ಯಾರೋ ಕೌಂಟರ್ ಕುಟ್ಟಿದರು. ನಾನು ಓಡಿದೆ.

ಹತ್ತೂವರೆಗೆ ಒಳಕೋಣೆಯ ಹುಡುಗಿ ಬಂದು, ಮಾಮ, ಎರಡು ಕೊಳವೆಗೆ ಹೆಸರೇ ಇಲ್ಲ ಅಂದಳು. ಪರೀಕ್ಷೆ ಮಾಡಿಯೂ ಆಗಿತ್ತು. ಒಂದರಲ್ಲಿ ಸಕ್ಕರೆ ತೊಂಬತ್ತೆರಡು, ಇನ್ನೊಂದರಲ್ಲಿ ಮುನ್ನೂರ ನಲವತ್ತು. ಇಡೀ ಬೆಳಗ್ಗೆ ಉಳಿದೆಲ್ಲ ಕೊಳವೆಗೂ ಹೆಸರಿತ್ತು, ಹಾಗಾಗಿ ಅವು ಡ್ರೈವರ್ ಮತ್ತು ಹೊಲಿಗೆಯಮ್ಮನವು ಎಂಬುದರಲ್ಲಿ ಅನುಮಾನವಿರಲಿಲ್ಲ. ಯಾವುದು ಯಾರದ್ದು ಎಂಬುದೇ ಪ್ರಶ್ನೆ. ಒಂಬತ್ತನೆಯದಕ್ಕೆ ಜಾಗ ಮಾಡಲು ಮಾಮ ಎರಡನ್ನೂ ಎತ್ತಿ ಬೇರೆ ಕಡೆ ಇಟ್ಟಿದ್ದರಿಂದ, ಮೊದಲು ತೆಗೆದದ್ದು ಯಾವುದೆಂಬುದೂ ತಪ್ಪಿಹೋಗಿತ್ತು.

ಮಾಮ ಮೂರು ಸಲ ಕಿಟಕಿಗೆ ಹೋಗಿ ಬಂದರು. ಆಮೇಲೆ ಮುನ್ನೂರ ನಲವತ್ತರ ಕೊಳವೆಯನ್ನು ಬೆಳಕಿಗೆ ಹಿಡಿದರು. ಅದರಲ್ಲಿ ರಕ್ತ ಸ್ವಲ್ಪ ಕಡಿಮೆಯಿತ್ತು. ಬಡ್ತಿಯ ಭಾಗಕ್ಕೆ ನಕ್ಕಾಗ ಕೈ ಅಲುಗಿ ಸೂಜಿಯನ್ನು ಬೇಗ ತೆಗೆದದ್ದು ನೆನಪಿದೆ, ಆಗ ಕುರ್ಚಿಯಲ್ಲಿದ್ದವರು ಹೊಲಿಗೆಯಮ್ಮ, ಹಾಗಾಗಿ ಇದು ಅವರದ್ದೇ ಎಂದರು. ಎರಡು ಸಲ ನಕ್ಕಿರಲ್ಲ, ಮೊದಲ ಸಲ ಡ್ರೈವರ್ ಕೂತಿದ್ದರು ಎಂದು ನಾನು ನೆನಪಿಸಿದೆ. ಅವರ ಮುಖ ಬಿದ್ದುಹೋಯಿತು.

ಫೋನ್ ಮಾಡಿ ಕೇಳಿಬಿಡೋಣ ಎಂದುಕೊಂಡೆವು. ಸ್ಪೀಕರ್ ಹಾಕಿದೆ. ರಾಜೀನಾಮೆ ವಿಷಯ ಹೇಳುವಾಗ ಸೂಜಿ ಇನ್ನೂ ಕೈಯಲ್ಲೇ ಇತ್ತಾ ಎಂದು ಮಾಮ ಡ್ರೈವರನ್ನು ಕೇಳಿದರು.

"ಯಾವ ರಾಜೀನಾಮೆ ಸಾರ್? ನನಗೇನೂ ಕೇಳಿಸ್ಲಿಲ್ಲ. ಸೂಜಿ ಅಂದ್ರೆ ಕಿವಿ ಗುಂಯ್ ಅಂತದೆ. ನೀವು ಬಾಯಾಡಿಸ್ತಾ ಇದ್ರಿ, ನಾನು ಹೂಂ ಅಂತಿದ್ದೆ ಅಷ್ಟೇ. ಎಲ್ಲರೂ ಹಂಗೇ ಅಲ್ವಾ?"

ಮಾಮ ಹತ್ತಿಯ ಡಬ್ಬಿ ಮುಚ್ಚಿದರು. ಹೊಲಿಗೆಯಮ್ಮನಿಗೆ ಫೋನ್ ಹಚ್ಚಿದೆ. ಆಕೆ ಪಾಪ, ಕಿವಿ ಸರಿಯಾಗೇ ಇತ್ತು. ಕೋಳಿಯ ಸುದ್ದಿಯನ್ನು ಹೋದ ವರ್ಷವೂ ಹೇಳಿದ್ದಿರಿ, ನಿಮಗೆ ಬೇಜಾರಾಗಬಾರದು ಅಂತ ಹೊಸದಾಗಿ ಕೇಳಿದ ಹಾಗೆ ಕೂತಿದ್ದೆ ಅಂದರು. ಸೂಜಿ ಯಾವಾಗ ತೆಗೆದಿರೋ ಗೊತ್ತಿಲ್ಲ, ನಾನು ಆ ಕಡೆ ಮುಖ ತಿರುಗಿಸಿದ್ದೆ ಅಂದರು.

ಫೋನ್ ಇಡಲು ತೋಳು ಚಾಚಿದಾಗ ಬೆರಳಿನವರೆಗೆ ಇಳಿದಿದ್ದ ನನ್ನ ಸ್ವೆಟರಿನ ತೋಳು ಮೇಲಕ್ಕೆ ಸರಿಯಿತು. ಎರಡೂ ಸ್ಟಿಕ್ಕರು ಎಡಗೈಯ ಮೇಲೆ ಹಾಗೇ ಕೂತಿದ್ದವು. ತಪ್ಪು ನನ್ನದು. ಕೊಡಬೇಕಾದವಳು ಕೊಡದೆ ನಿಂತು ಕೋಳಿಯ ಸುದ್ದಿ ಕೇಳಿದ್ದೆ. ಮಾಮನೂ ನೋಡಿದರು. ನೋಡಿದ್ದನ್ನು ನಾನೂ ನೋಡಿದೆ.

ಆಗ ನಾನು ಆಡಿದ ಮಾತು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. "ನಿಮಗೆ ನೆನಪಿರೋ ಹಾಗೇ ಅಂಟಿಸಿಬಿಡಿ ಮಾಮ. ಮೇಡಂ ಬರೋಕೆ ಇನ್ನೂ ಹತ್ತು ನಿಮಿಷ ಇದೆ. ಯಾರಿಗೆ ಗೊತ್ತಾಗತ್ತೆ?"

ಮಾಮನಿಗೂ ಆಸೆಯಾಯಿತು, ಸುಳ್ಳೇಕೆ ಹೇಳಲಿ. ಕೊಳವೆಯನ್ನು ಎತ್ತಿದರು, ಇಟ್ಟರು, ಮತ್ತೆ ಎತ್ತಿದರು. ಅಂಟಿಸಿದರೆ ಸ್ಟೂಲು ಉಳಿಯುತ್ತದೆ, ನನ್ನ ಕೆಲಸವೂ ಉಳಿಯುತ್ತದೆ. ಕೊನೆಗೆ ನನ್ನ ಕೈ ಹಿಡಿದು, ಬ್ಯಾಂಡೇಜು ಬಿಚ್ಚುವಷ್ಟು ಮೆಲ್ಲಗೆ ಎರಡೂ ಸ್ಟಿಕ್ಕರ್ ಕಿತ್ತು, ಮುದುಡಿ ಬುಟ್ಟಿಗೆ ಹಾಕಿದರು.

"ಬೇಡ ಕಣಮ್ಮ. ನಾಳೆ ಅವರು ಗಾಡಿ ಓಡಿಸ್ತಾ ಕಣ್ಣು ಕತ್ತಲೆ ಬಂದ್ರೆ? ಇಬ್ಬರನ್ನೂ ವಾಪಸ್ ಕರಿ, ಇನ್ನೊಂದ್ಸಲ ರಕ್ತ ತೆಗೆಯೋಣ."

ಮೇಡಂ ಬಂದಾಗ ಮಾಮನೇ ಎದುರು ಹೋಗಿ, ಮಾತಿನ ಭರದಲ್ಲಿ ಸ್ಟಿಕ್ಕರ್ ಅಂಟಿಸುವುದನ್ನು ಮರೆತೆ ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಕಾಯಂ, ಕಾಯಂ ಎಂದು ತಲೆಯೊಳಗೆ ಯಾರೋ ಗಂಟೆ ಬಾರಿಸುತ್ತಿದ್ದರು. ಬಾಯಿ ಬಿಡಲಿಲ್ಲ.

ಮರುದಿನ ಬೆಳಗ್ಗೆ ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಬಂದರು. ಡ್ರೈವರಿನ ಸಕ್ಕರೆ ಮುನ್ನೂರು ದಾಟಿತು, ಅಂದರೆ ಹಿಂದಿನ ದಿನದ ಮುನ್ನೂರ ನಲವತ್ತೂ ಅವರದ್ದೇ ಆಗಿತ್ತು. ಮಾಮನ ನೆನಪು ತಪ್ಪಿತ್ತು. ಅಂಟಿಸಿದ್ದರೆ ಆ ಮನುಷ್ಯ ತೊಂಬತ್ತೆರಡರ ಕಾಗದ ಹಿಡಿದು ಹೆದ್ದಾರಿಗೆ ಹೋಗಿರುತ್ತಿದ್ದರು. ಈಗ ಕಂಪನಿಯವರು ಸಕ್ಕರೆ ಹತೋಟಿಗೆ ಬರುವವರೆಗೆ ಅವರನ್ನು ಗೇಟು ಕಾಯಲು ಕೂರಿಸಿದ್ದಾರೆ. ಅವರು ನಮ್ಮನ್ನು ಬೈದುಕೊಂಡೇ ಹೋದರು.

ಸ್ಟೂಲಿಗೆ ಹೊಸ ಹುಡುಗಿ ಬಂದಳು. ಮಾತಿಲ್ಲ, ಕತೆಯಿಲ್ಲ, ಚಕಚಕನೆ ಸಾಲು ಕರಗುತ್ತದೆ. ಮಾಮ ಎಲ್ಲಿ ಎಂದು ಯಾರಾದರೂ ಕೇಳಿಯಾರು ಎಂದು ನಾನು ಕಾದೆ. ಎರಡು ಮಕ್ಕಳು ಕೇಳಿದವು. ದೊಡ್ಡವರು ಒಬ್ಬರೂ ಕೇಳಲಿಲ್ಲ. ಒಳಕೋಣೆಯ ಗಾಜಿನಾಚೆ ಮಾಮ ಯಂತ್ರದ ಮುಂದೆ ಕೂತಿರುತ್ತಿದ್ದರು. ಓಡಾಟ ನಿಂತಿತ್ತು. ಅವರ ಚಡಪಡಿಕೆ ಬಂದು ನನ್ನ ಕಾಲಿಗೆ ಸೇರಿಕೊಂಡಿತು. ಕೌಂಟರಿನಲ್ಲಿ ಕೂರಲಾರೆ, ನಿಲ್ಲಲಾರೆ. ಬರೆದ ಹೆಸರನ್ನೇ ಮತ್ತೆ ಬರೆಯುತ್ತಿದ್ದೆ. ಮನೆಯಲ್ಲಿ ಮಕ್ಕಳ ಮೇಲೆ ರೇಗುತ್ತಿದ್ದೆ. ಮೇಡಂ ಒಂದು ದಿನ ನಗುತ್ತ, ನಿನ್ನ ಕಾಯಂ ಪತ್ರ ಟೈಪ್ ಆಗ್ತಿದೆ ಅಂದರು. ಆ ಮಾತು ಕೇಳಿದ ಮೇಲೆ ಊಟ ಸೇರಲಿಲ್ಲ.

ಹನ್ನೊಂದನೆಯ ದಿನ ಬೆಳಗಿನ ಸಾಲು ಮುಗಿದದ್ದೇ ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿಬಿಟ್ಟೆ. ಸ್ಟಿಕ್ಕರು ನನ್ನ ಕೈಮೇಲಿದ್ದದ್ದು, ಅಂಟಿಸಿಬಿಡಿ ಎಂದು ನಾನೇ ಹೇಳಿಕೊಟ್ಟದ್ದು, ಎಲ್ಲ. ಮೇಡಂ, ನಿನ್ನ ಕೆಲಸ ಕಾಯಂ ಆಗುವುದು ಆರು ತಿಂಗಳು ಮುಂದಕ್ಕೆ ಹೋಗುತ್ತದೆ ಎಂದರು. ಸ್ಟೂಲಿನಲ್ಲಿ ಮಾತ್ರ ಬದಲಾವಣೆ ಇಲ್ಲ, ಸಾಲು ಈಗಲೇ ಚೆನ್ನಾಗಿ ಸಾಗುತ್ತಿದೆ ಎಂದರು. ತಪ್ಪುಗಳನ್ನು ಬರೆದಿಡುವ ಪುಸ್ತಕ ತೆಗೆದು, ಮಾಮನನ್ನು ಕರೆಸಿದರು.

ಮಾಮ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತರು. ಗೊತ್ತಿದ್ದೂ ಯಾಕೆ ಮುಚ್ಚಿಟ್ಟಿರಿ ಎಂದು ಮೇಡಂ ಗದರಿದರು. ಮಾಮ ನನ್ನ ಕಡೆ ನೋಡಲಿಲ್ಲ.

"ಡ್ರೈವರಿಗೆ ಏನೂ ಕೇಳಿಸಿರಲಿಲ್ಲ ಮೇಡಂ. ಹೊಲಿಗೆಯಮ್ಮ ನನ್ನ ಮೇಲೆ ಪಾಪ ಅಂತ ಕೇಳಿದ್ರು. ಇಪ್ಪತ್ತೆರಡು ವರ್ಷದಲ್ಲಿ, ಮಾಡೋ ಕೆಲಸ ಮರೆತು ನಿಂತು ಕೇಳಿದವಳು ಇವಳೊಬ್ಬಳೇ. ಅದನ್ನ ತಪ್ಪು ಅಂತ ನಾನು ಹೇಗೆ ಬರೆಸ್ಲಿ?"

ಮೇಡಂ ಪೆನ್ನಿನ ಮುಚ್ಚಳ ಹಾಕಹೊರಟರು. ನನಗೆ ಅಳು ಉಕ್ಕಿ ಬಂತು. ಆದರೂ ನಾನೇ ಹೇಳಿದೆ.

"ತಪ್ಪು ಅಂತಲೇ ಬರೀರಿ ಮೇಡಂ. ಕೇಳ್ತಿದ್ದೆ ಅಂತಾನೂ ಬರೀರಿ."

ಮೇಡಂ ಎರಡನ್ನೂ ಬರೆದರು.