ಭುಜ ತಟ್ಟಿದ ಕೈ

ಮಂಚದ ಮೇಲೆ ರೋಗಿಯಂತೆ ಮಲಗಿದ್ದ ನನ್ನನ್ನು ಆ ಯುವತಿ ಒಂದು ಮಾತೂ ಆಡದೆ ಎತ್ತಿ ಕೂರಿಸಿದಳು. ನಾನು ಬೆಚ್ಚಿದೆ. ಯಲಹಂಕದ ತರಬೇತಿ ಕೇಂದ್ರವೊಂದರಲ್ಲಿ ರೋಗಿಗಳ ಆರೈಕೆ ಕಲಿತವರಿಗೆ ಅಂದು ಪ್ರಾಯೋಗಿಕ ಪರೀಕ್ಷೆ, ನಾನು ಪರೀಕ್ಷಕ. ಗೊಂಬೆಯನ್ನು ಎತ್ತಿಸಿದರೆ ಕೈಯ ಹದ ತಿಳಿಯುವುದಿಲ್ಲವೆಂದು ನಾನೇ ಮಲಗುತ್ತೇನೆ. ಎತ್ತುವ ಮೊದಲು ರೋಗಿಗೆ ಹೇಳಬೇಕು. ಅದು ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಫೇಲು.

“ಯಾಕಮ್ಮ ಶಬಾನಾ, ಹೇಳ್ಲಿಲ್ಲ?” ಎಂದೆ.

“ಭುಜ ತಟ್ಟಿದ್ನಲ್ಲ ಸಾರ್. ನಮ್ಮ ಅಮ್ಮೀಗೆ ಕಿವಿ ಕೇಳ್ಸಲ್ಲ. ಅವರು ಹಾಸಿಗೆ ಹಿಡಿದಾಗಿಂದ ಹಿಂಗೇ ತಟ್ಟಿ ಎತ್ತೋದು. ಅದೇ ಅಭ್ಯಾಸ ಆಗ್ಬಿಟ್ಟಿದೆ.”

ತಟ್ಟಿದ್ದು ನಿಜ. ಅಕಸ್ಮಾತ್ ಕೈ ತಾಕಿತೆಂದುಕೊಂಡಿದ್ದೆ. ಪಾಸಾದರೆ ಅವಳಿಗೆ ಹೆಬ್ಬಾಳದ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಗುವುದಿತ್ತು. ಆದರೂ ಫೇಲು ಮಾಡಿದೆ.

“ನಿಮ್ಮಮ್ಮನಿಗೆ ಅರ್ಥ ಆಗುತ್ತೆ. ಹೊಸ ರೋಗಿ ಹೆದರಿಬಿಡ್ತಾನೆ. ಮುಂದಿನ ತಿಂಗಳು ಬಾ.”

“ಆ ಕೆಲಸ ಕಾಯಲ್ವಲ್ಲ ಸಾರ್,” ಎಂದಷ್ಟೇ ಹೇಳಿ, ಹಾಸಿಗೆಯ ಹೊದಿಕೆಯನ್ನು ಸರಿಪಡಿಸಿ ಹೊರಟಳು.

ಕೆಲಸ ಬೇರೆಯವರ ಪಾಲಾಯಿತು. ಆದರೂ ಮುಂದಿನ ತಿಂಗಳು ಅವಳು ಬಂದಳು. “ಸಾರ್, ಈಗ ನಿಮ್ಮನ್ನ ಎತ್ತಿ ಕೂರಿಸ್ತೀನಿ, ಆಗ್ಬಹುದಾ?” ಎಂದು ಸ್ಪಷ್ಟವಾಗಿ ಕೇಳಿದಳು. ಕೇಳುವ ಮುಂಚೆಯೇ ಅವಳ ಕೈ ನನ್ನ ಭುಜವನ್ನು ಮೆಲ್ಲಗೆ ತಟ್ಟಿತ್ತು. ಪಾಸಾದಳು.

ಇಂದಿಗೂ ಪರೀಕ್ಷೆಗೆಂದು ಆ ಮಂಚದ ಮೇಲೆ ಮಲಗುತ್ತೇನೆ. ಅಭ್ಯರ್ಥಿಗಳು ತಪ್ಪದೆ ಹೇಳಿಯೇ ಎತ್ತುತ್ತಾರೆ, ನಾನು ಅಂಕ ಕೊಡುತ್ತೇನೆ. ಅವರು ಹೇಳಿದ ಮೇಲೂ ನನ್ನ ಭುಜ ಮಾತ್ರ ಒಂದು ಗಳಿಗೆ ಕಾಯುತ್ತದೆ.